ಜರಡಿಯಿಂದ ಜಾರಿದ ಚಿತ್ರಗಳು

ಜನವರಿ ೧೨, ಸೋಮವಾರ

ಯಂತ್ರ ಬಂತು. ಪೆಟ್ಟಿಗೆಯೊಳಗೆ ಪೆಟ್ಟಿಗೆ, ಅದರೊಳಗೆ ಇನ್ನೊಂದು, ಕೊನೆಗೆ ಒಂದೇ ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾ. ಇದಕ್ಕಾಗಿ ಹನ್ನೊಂದು ತಿಂಗಳು ಅರ್ಜಿ ಬರೆದಿದ್ದೇನೆ. ಫೋಟೋ ತೆಗೆದು ಅಕ್ಕನಿಗೆ ಕಳಿಸಿದೆ. "ನಮ್ಮ ಪಾರ್ಲರಿನ ಹೇರ್ ಡ್ರೈಯರ್ ನೋಡೋಕೆ ಇದಕ್ಕಿಂತ ಚೆನ್ನಾಗಿದೆ" ಎಂದು ಉತ್ತರ ಬಂತು. ಅವಳಿಗೆ ಏನು ತೋರಿಸಿದರೂ ಇಷ್ಟೇ.

ಮೂರು ವರ್ಷದ ಫೆಲೋಶಿಪ್. ನನ್ನ ಪಿಎಚ್‌ಡಿ ವಿಷಯ ಏನೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾಗಿದೆ. ಎಳೆ ಮಕ್ಕಳ ಕಣ್ಣಿನ ಹಿಂಬದಿಯ ಪರದೆಯಲ್ಲಿ ಒಂದು ಬಗೆಯ ಕ್ಯಾನ್ಸರ್ ಬರುತ್ತದೆ. ಬೇಗ ಗೊತ್ತಾದರೆ ಕಣ್ಣು ಉಳಿಯುತ್ತದೆ, ತಡವಾದರೆ ಕಣ್ಣನ್ನೇ ತೆಗೆಯಬೇಕು, ಇನ್ನೂ ತಡವಾದರೆ ಮಗುವೇ ಉಳಿಯುವುದಿಲ್ಲ. ಅಪ್ಪನಿಗೋ ಅಮ್ಮನಿಗೋ ಅದು ಬಂದಿದ್ದರೆ, ಹುಟ್ಟಿದ ಮಗುವಿನ ಕಣ್ಣನ್ನು ಕೆಲವು ವಾರಕ್ಕೊಮ್ಮೆ ನೋಡುತ್ತಲೇ ಇರಬೇಕು. ಮೂಲೆ ಮೂಲೆಯನ್ನೂ ನೋಡಬೇಕೆಂದರೆ ಅರಿವಳಿಕೆ ಕೊಟ್ಟು ಮಲಗಿಸಬೇಕು. ಅರಿವಳಿಕೆಯಿಲ್ಲದೆ, ಮಗು ಎಚ್ಚರವಾಗಿರುವಾಗಲೇ ಆ ಪರದೆಯ ಒಳಪದರಗಳ ಚಿತ್ರ ತೆಗೆಯಬಹುದೇ, ವೈದ್ಯರ ಕಣ್ಣಿಗೆ ಬೀಳುವ ಮೊದಲೇ ಗೆಡ್ಡೆಯನ್ನು ಹಿಡಿಯಬಹುದೇ ಎನ್ನುವುದು ನನ್ನ ಪ್ರಶ್ನೆ.

ಪ್ರಯೋಗದ ದಾಖಲೆಗೆ ಬೇರೆ ಪುಸ್ತಕವಿದೆ, ಅದನ್ನು ಗೈಡ್ ನೋಡುತ್ತಾರೆ. ಇದನ್ನು ಯಾರೂ ನೋಡುವುದಿಲ್ಲ. ಇಲ್ಲಿ ಅಚ್ಚುಕಟ್ಟಾಗಿ ಬರೆಯಬೇಕಾದ ಅಗತ್ಯವಿಲ್ಲ. ಆದರೂ ಈಗಾಗಲೇ ಎರಡು ಪದ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಜನವರಿ ೨೧, ಬುಧವಾರ

ಸಂಖ್ಯೆ ೧. ಗಂಡು, ನಾಲ್ಕು ತಿಂಗಳು.

ಈ ಯಂತ್ರವನ್ನು ಕಟ್ಟಿದವರು ಮಕ್ಕಳನ್ನು ನೋಡಿದವರಲ್ಲ. ನಾನೂ ನೋಡಿದವಳಲ್ಲ. ಸಂಖ್ಯೆ ೧ ಅತ್ತ, ಒದ್ದ, ಕ್ಯಾಮೆರಾವನ್ನು ನೆಕ್ಕಿದ. ನಾಲ್ಕು ಸಾವಿರ ಚಿತ್ರಗಳಲ್ಲಿ ಉಪಯೋಗಕ್ಕೆ ಬರುವುದು ಅರವತ್ತೊಂದು. ಉಳಿದದ್ದೆಲ್ಲ ಅಲುಗಿದ್ದು ಅಥವಾ ಓರೆಯಾದದ್ದು. ಅವನ ಅಮ್ಮ ನನ್ನಲ್ಲಿ ಕ್ಷಮೆ ಕೇಳಿದರು. ಪರವಾಗಿಲ್ಲ ಎಂದೆ, ಆದರೆ ಮುಖ ಗಂಟಿಕ್ಕಿಕೊಂಡೇ ಹೇಳಿರಬೇಕು.

ಈ ಮಕ್ಕಳನ್ನೆಲ್ಲ ನೋಡುವ ಕಣ್ಣಿನ ಡಾಕ್ಟರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಇಪ್ಪತ್ತೆರಡು ವರ್ಷದ ಅನುಭವ ಅವರದು. "ಮಗುಗೆ ಹೆದರಿಕೆ ಇಲ್ಲ ಕಣ್ರೀ. ನಿಮಗಿದೆ. ಅದು ಅದಕ್ಕೆ ಗೊತ್ತಾಗ್ತಿದೆ" ಎಂದರು.

ಜನವರಿ ೨೫, ಭಾನುವಾರ

ಅಕ್ಕನ ಪಾರ್ಲರಿನಲ್ಲಿ ಇಡೀ ಬೆಳಿಗ್ಗೆ ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದೆ. ಭಾನುವಾರ ಅವಳಲ್ಲಿಗೆ ಚಿಕ್ಕ ಮಕ್ಕಳೇ ಹೆಚ್ಚು. ಒಂದು ವರ್ಷದ ಮಗುವಿನ ಕಿವಿಯ ಸುತ್ತ ಅವಳು ಕತ್ತರಿ ಆಡಿಸುವುದನ್ನು ನೋಡಿದರೆ ನನ್ನ ಜೀವ ಬಾಯಿಗೆ ಬರುತ್ತದೆ. ಮಗುವಿಗೆ ಮಾತ್ರ ಪರಿವೆಯೇ ಇಲ್ಲ.

"ನೀನು ಎದುರಿನಿಂದ ಹೋಗ್ತೀಯ, ಪೊಲೀಸರ ಥರ" ಎಂದಳು, ಕತ್ತರಿ ನಿಲ್ಲಿಸದೆ. "ಪಕ್ಕದಿಂದ ಹೋಗು. ಮೊದಲು ಕೈ ಬೆಚ್ಚಗೆ ಮಾಡ್ಕೊಂಡು ಕೆನ್ನೆ ಮುಟ್ಟು. ಸಾಮಾನು ಆಮೇಲೆ ತೆಗಿ. ಮತ್ತೆ ಬಾಯಿ ನಿಲ್ಲಿಸ್ಬೇಡ."

"ಏನು ಮಾತಾಡ್ಲಿ?"

"ಏನಾದ್ರೂ. ಅದಕ್ಕೇನು ಅರ್ಥ ಆಗುತ್ತಾ? ನಿನ್ನ ಥೀಸಿಸ್ ಹೇಳು, ನಿದ್ದೆ ಬರುತ್ತೆ."

ಮೂವತ್ತೆರಡನೆಯ ವಯಸ್ಸಿನವರೆಗೆ ಓದಿ ಓದಿ ಕೊನೆಗೆ ಅಕ್ಕನಿಂದ ಪಾಠ ಹೇಳಿಸಿಕೊಳ್ಳುವ ಗತಿ. ಆದರೂ ಬರೆದುಕೊಂಡೆ.

ಫೆಬ್ರವರಿ ೫, ಗುರುವಾರ

ಸಂಖ್ಯೆ ೭. ಹೆಣ್ಣು, ಹನ್ನೊಂದು ವಾರ.

ಅಳಲಿಲ್ಲ. ಅಮ್ಮನ ತೊಡೆಯ ಮೇಲೆ ಕುಳಿತು ಮೊದಲು ದೀಪ, ಆಮೇಲೆ ಕಿಟಕಿ, ಆಮೇಲೆ ಡಾಕ್ಟರು, ಕೊನೆಗೆ ನನ್ನನ್ನು ನಿಧಾನವಾಗಿ ಪರಿಶೀಲಿಸಿದಳು. ಹುಬ್ಬು ಗಂಟಿಕ್ಕಿಕೊಂಡು ಲೈಸೆನ್ಸ್ ಎಲ್ಲಿ ಎಂದು ಕೇಳುವವಳ ಹಾಗೆ. "ಇನ್ಸ್‌ಪೆಕ್ಟರಮ್ಮ ಬಂದ್ರು" ಎಂದು ಡಾಕ್ಟರು ಎದ್ದು ನಿಂತರು.

ಅವಳ ಅಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಕೆಲಸದವರು. ಎಡಗಣ್ಣು ಕೃತಕ. ಚಿಕ್ಕವರಿದ್ದಾಗ ಇದೇ ಕಾಯಿಲೆಗೆ ತೆಗೆದದ್ದು. "ಒಂದೇ ಕಣ್ಣಲ್ಲಿ ಎಲ್ಲರಿಗಿಂತ ಬೇಗ ವಿಳಾಸ ಓದ್ತೀನಿ ಮೇಡಂ" ಎಂದು ನಕ್ಕರು. ಮಗುವಿನ ರಕ್ತಪರೀಕ್ಷೆಯ ವರದಿ ಇನ್ನೂ ಬಂದಿಲ್ಲ, ಬರುವವರೆಗೆ ಅಮ್ಮನ ದೋಷ ಇವಳಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. "ನಾಣ್ಯ ಚಿಮ್ಮಿದ ಹಾಗೆ ಅಂದ್ರು ಡಾಕ್ಟರು. ಚಿಮ್ಮಿ ಆಯ್ತು, ಇನ್ನೂ ಗಾಳೀಲೇ ಇದೆ" ಎಂದು ಮಗುವಿನ ಟೋಪಿ ಸರಿಮಾಡಿದರು. ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆ.

ಚಿತ್ರಗಳು: ನೂರ ನಲವತ್ತು ಒಳ್ಳೆಯವು. ಈವರೆಗಿನ ದಾಖಲೆ.

ಫೆಬ್ರವರಿ ೧೬, ಸೋಮವಾರ

ಜರಡಿ ಮುಗಿಯಿತು. ಪ್ರೋಗ್ರಾಂ ಬರೆದವಳೂ ನಾನೇ, ಹೆಸರಿಟ್ಟವಳೂ ನಾನೇ. ಒಂದು ಮಗುವಿನಿಂದ ಬರುವ ಸಾವಿರಾರು ಚಿತ್ರಗಳನ್ನು ಸುರಿದರೆ, ಕಣ್ಣು ನೇರ ನೋಡುತ್ತಿರುವ, ಅಲುಗದ, ಸ್ಪಷ್ಟ ಚಿತ್ರಗಳನ್ನು ಮಾತ್ರ ಉಳಿಸಿಕೊಂಡು ಬಾಕಿಯದನ್ನೆಲ್ಲ "ಕಸ" ಎಂಬ ಫೋಲ್ಡರಿಗೆ ತಳ್ಳುತ್ತದೆ. ಎಂಟು ಮಕ್ಕಳ ಚಿತ್ರಗಳನ್ನು ಹಾಕಿ ನೋಡಿದೆ. ಉಳಿದ ಚಿತ್ರಗಳು ಎಷ್ಟು ಸೊಗಸಾಗಿವೆಯೆಂದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು.

ಗೈಡ್ ಬಹಳ ಹೊತ್ತು ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿ, "ಮೊದಲ ಅಧ್ಯಾಯ ಆಯ್ತು ಬಿಡಿ" ಎಂದರು. ಅವರು ಹೊಗಳುವುದು ವರ್ಷಕ್ಕೊಮ್ಮೆ. ಮನೆಗೆ ನಡೆದೇ ಬಂದೆ, ಮನೆ ದಾಟಿ ಎರಡು ಬಸ್ ಸ್ಟಾಪ್ ಮುಂದೆ ಹೋಗಿ ವಾಪಸ್ ಬಂದೆ.

ಫೆಬ್ರವರಿ ೨೬, ಗುರುವಾರ

ಇವತ್ತು ಮೂವರು, ನಾವಿಟ್ಟ ಅಡ್ಡಹೆಸರಿನಲ್ಲೇ ಬರೆಯುತ್ತೇನೆ: ಮೇಷ್ಟ್ರು (ಬೋಳುತಲೆ, ಗಂಭೀರ), ಗುಟುಕಪ್ಪ (ಬಾಟಲಿ ಬಿಡುವುದಿಲ್ಲ), ಇನ್ಸ್‌ಪೆಕ್ಟರಮ್ಮ.

ಇನ್ಸ್‌ಪೆಕ್ಟರಮ್ಮ ನಕ್ಕಳು. ನನ್ನನ್ನು ನೋಡಿ ನಕ್ಕದ್ದು. ನಾನು ಪಕ್ಕದಿಂದ ಹೋಗಿ, ಕೆನ್ನೆ ಮುಟ್ಟಿ, ಬೆಳಕಿನ ಅಲೆಗಳ ಬಗ್ಗೆ ನನ್ನ ಎಂ.ಎಸ್ಸಿ. ಪಾಠ ಶುರುಮಾಡಿದ್ದೆ. "ಆಮೇಲೇನಾಯ್ತು ಗೊತ್ತಾ ಪುಟ್ಟಾ, ಎರಡು ಅಲೆ ಒಂದಕ್ಕೊಂದು ಡಿಕ್ಕಿ ಹೊಡೆದವು" ಎಂದದ್ದೇ ತಡ, ಬಾಯಿ ಪೂರ್ತಿ ತೆರೆದು, ಕಣ್ಣನ್ನು ಮೂಲೆಗೆ ಹೊರಳಿಸಿ, ಸದ್ದು ಮಾಡಿ ನಕ್ಕಳು. ಭೌತಶಾಸ್ತ್ರಕ್ಕೆ ಇಷ್ಟು ಒಳ್ಳೆಯ ಪ್ರತಿಕ್ರಿಯೆ ನಾನು ಯಾವ ತರಗತಿಯಲ್ಲೂ ಕಂಡಿಲ್ಲ. ನಾಲ್ಕೈದು ಸೆಕೆಂಡಿನ ಚಿತ್ರಗಳು ಹಾಳಾದವು. ಪರವಾಗಿಲ್ಲ.

ರಕ್ತದ ವರದಿ ಬಂದಿದೆ. ಅಮ್ಮನ ವಂಶವಾಹಿಯಲ್ಲಿದ್ದ ದೋಷ ಮಗುವಿನಲ್ಲೂ ಇದೆ. ಡಾಕ್ಟರು ಹೇಳಿದಾಗ ಅವಳಮ್ಮ "ಸರಿ" ಎಂದರು. ಮಗುವಿನ ಕಾಲುಚೀಲ ಎಳೆದು ಸರಿಮಾಡಿ ಇನ್ನೊಮ್ಮೆ "ಸರಿ" ಎಂದರು. ಡಾಕ್ಟರು ಎರಡೂ ಕಣ್ಣನ್ನು ಬಹಳ ಹೊತ್ತು ನೋಡಿ, ಸದ್ಯಕ್ಕೆ ಏನೂ ಇಲ್ಲ, ಮೂರು ವಾರಕ್ಕೆ ಬನ್ನಿ ಎಂದರು.

ಮಾರ್ಚ್ ೪, ಬುಧವಾರ

ಜ್ವರ. ಅಕ್ಕ ಬಂದು ಗಂಜಿ ಮಾಡಿಟ್ಟು, ನನ್ನ ಕೂದಲಿನ ಸ್ಥಿತಿಗೆ ಮೂಗು ಮುರಿದು ಹೋದಳು.

ಮಾರ್ಚ್ ೧೪, ಶನಿವಾರ

ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಇನ್ಸ್‌ಪೆಕ್ಟರಮ್ಮನ ಕಸದ ಫೋಲ್ಡರ್ ತೆರೆದೆ, ಜರಡಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು. ಮಗು ಎತ್ತ ನೋಡುತ್ತಿದೆ ಎಂದು ತಿಳಿಯಲು ಯಂತ್ರದ ಬದಿಯಲ್ಲಿ ಇನ್ನೊಂದು ಸಣ್ಣ ಕ್ಯಾಮೆರಾ ಇದೆ, ಅದು ಮುಖವನ್ನು ಚಿತ್ರಿಸಿಕೊಳ್ಳುತ್ತದೆ. ನಗುವ ಭಾಗವನ್ನು ನಾಲ್ಕು ಸಲ ಪರೀಕ್ಷಿಸಿದೆ. ನಾಲ್ಕನೆಯ ಸಲ ಕಂಪ್ಯೂಟರಿನಲ್ಲಿ ಪಕ್ಕದ ವಿಂಡೋದಲ್ಲಿ ಓಡುತ್ತಿದ್ದ ಪದರಗಳ ಚಿತ್ರದ ಮೇಲೆ ಕಣ್ಣು ಬಿತ್ತು. ಪದರಗಳು ಒಂದರ ಮೇಲೊಂದು ಮಟ್ಟಸವಾಗಿ ಇರಬೇಕು. ಬಲಗಣ್ಣಿನ ಅಂಚಿನಲ್ಲಿ ಒಂದು ಕಡೆ, ಹಾಸಿಗೆಯ ಹೊದಿಕೆಯ ಕೆಳಗೆ ಕಾಳು ಸಿಕ್ಕಿಕೊಂಡ ಹಾಗೆ, ಉಬ್ಬಿದೆ.

ಧೂಳಿರಬಹುದು ಎಂದುಕೊಂಡೆ. ಮುಂದಿನ ಚಿತ್ರದಲ್ಲೂ ಇದೆ. ಹನ್ನೊಂದು ಚಿತ್ರಗಳಲ್ಲಿದೆ.

ಮಗು ನೇರ ನೋಡುವಾಗ ನಮಗೆ ಪರದೆಯ ನಡುಭಾಗ ಮಾತ್ರ ಕಾಣುತ್ತದೆ. ಅಂಚು ಕಾಣುವುದು ಕಣ್ಣು ಓರೆಯಾದಾಗ. ಓರೆಯಾದದ್ದನ್ನೆಲ್ಲ ಎಸೆಯಲು ನಾನೇ ಜರಡಿಗೆ ಹೇಳಿಕೊಟ್ಟಿದ್ದೇನೆ. ಗೋಡೆಗೆ ತೂಗುಹಾಕುವಂಥ ಚಿತ್ರಗಳು ಬೇಕೆಂದು, ಹುಡುಕಬೇಕಾದ ಜಾಗವನ್ನೇ ಗುಡಿಸಿ ಹಾಕಿದ್ದೇನೆ. ಎಂಥ ದಡ್ಡಿ ನಾನು.

ಡಾಕ್ಟರಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಬಂದರು, ಚಪ್ಪಲಿ ಬೇರೆ ಬೇರೆ ಜೋಡಿಯದು. ಹನ್ನೊಂದು ಚಿತ್ರವನ್ನೂ ನೋಡಿದರು. "ಅವತ್ತು ನನಗೆ ಕಾಣಲಿಲ್ಲ" ಎಂದು ಅಷ್ಟೇ ಹೇಳಿ, ಸೋಮವಾರದ ಮೊದಲ ಕೇಸಾಗಿ ಹೆಸರು ಬರೆಸಿದರು.

ಆಮೇಲೆ ಸಂಜೆಯವರೆಗೆ ಉಳಿದ ಮಕ್ಕಳ ಕಸವನ್ನೆಲ್ಲ ಒಂದೊಂದಾಗಿ ನೋಡಿದೆ. ಮೇಷ್ಟ್ರು, ಗುಟುಕಪ್ಪ, ಚಿನಕುರುಳಿಗಳೆಂದು ನಾವು ಕರೆಯುವ ಅವಳಿ ಮಕ್ಕಳು, ಎಲ್ಲರದ್ದೂ. ಬೇರೆ ಯಾರಲ್ಲೂ ಇಲ್ಲ.

ಮಾರ್ಚ್ ೧೬, ಸೋಮವಾರ

ಅರಿವಳಿಕೆ ಕೊಟ್ಟರು. ಮುಷ್ಟಿ ಬಿಚ್ಚಿ ಮಲಗಿದ್ದಳು, ಹುಬ್ಬಿನ ಗಂಟು ಹೋಗಿತ್ತು. ಅವಳನ್ನು ಹಾಗೆ ನೋಡಲಾಗಲಿಲ್ಲ.

ಎಲ್ಲಿದೆಯೆಂದು ಗೊತ್ತಿದ್ದೂ ಡಾಕ್ಟರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ನಾನು ಕ್ಯಾಮೆರಾ ಹಿಡಿದು "ಇನ್ನೂ ಸ್ವಲ್ಪ ಎಡಕ್ಕೆ, ಸಾಕು, ಅಲ್ಲೇ" ಎನ್ನುತ್ತಿದ್ದೆ, ಅವರು ಲೇಸರ್ ಹಾಕಿದರು. ನೋಟಕ್ಕೆ ಮುಖ್ಯವಾದ ಜಾಗದಿಂದ ದೂರವಿದೆ. ಒಂದು ಕಲೆ ಉಳಿಯುತ್ತದೆ, ದೃಷ್ಟಿಗೆ ತೊಂದರೆಯಿಲ್ಲ. ಮೂರು ವಾರಕ್ಕೆ ಮತ್ತೆ ನೋಡಬೇಕು. ಅದು ಸತ್ತಿದೆಯೇ, ಹೊಸದು ಹುಟ್ಟಿದೆಯೇ ಎಂಬುದು ಆಗಲೇ ತಿಳಿಯುವುದು.

ಹೊರಗೆ ಅವಳಮ್ಮ ನನ್ನ ಎರಡೂ ಕೈ ಹಿಡಿದುಕೊಂಡು "ನೀವು ಇರದಿದ್ರೆ ಏನು ಗತಿ ಮೇಡಂ" ಎಂದರು. ಆ ಚಿತ್ರ ಹದಿನಾರು ದಿನ ನನ್ನ ಬಳಿ ಇತ್ತು ಎಂದು ಹೇಳಬೇಕಿತ್ತು. ಮುಂದಿನ ತಾರೀಖು ಬರೆದ ಚೀಟಿ ಕೊಟ್ಟು ಕಳಿಸಿದೆ.

ಮಾರ್ಚ್ ೧೮, ಬುಧವಾರ

ನಿದ್ದೆಯಿಲ್ಲ.

ಗೈಡ್ ಹತ್ತಿರ ಹೇಳಿಕೊಂಡೆ. "ನಿಯಮದ ಪ್ರಕಾರ ಇವು ಸಂಶೋಧನೆಯ ಚಿತ್ರಗಳು, ಚಿಕಿತ್ಸೆಗೆ ಅಂತ ತೆಗೆದದ್ದಲ್ಲ. ಯಾರೂ ನಿಮ್ಮನ್ನ ಕೇಳಲ್ಲ" ಎಂದರು. ನಾನು ಎದ್ದು ಹೋಗದ್ದನ್ನು ನೋಡಿ, "ಹೇಳಲೇಬೇಕು ಅಂದ್ರೆ ಹೇಳಿ. ಒಬ್ಬರೇ ಹೋಗ್ಬೇಡಿ, ನಾನೂ ಬರ್ತೀನಿ. ಜರಡಿ ನೋಡಿ ಭೇಷ್ ಅಂದವನು ನಾನೂ ಇದೀನಲ್ಲ" ಎಂದರು.

ಅಕ್ಕ ತಟ್ಟೆಯನ್ನು ನನ್ನ ಮುಂದೆ ಎರಡನೆಯ ಸಲ ತಳ್ಳಿ, "ಹೇಳು, ಇಲ್ಲಾ ಊಟ ಮಾಡು. ಎರಡರಲ್ಲಿ ಒಂದಾದ್ರೂ ಮಾಡು" ಎಂದಳು.

ಮಾರ್ಚ್ ೨೩, ಸೋಮವಾರ

ಹೇಳಿದೆ. ಇನ್ಸ್‌ಪೆಕ್ಟರಮ್ಮನ ಕಣ್ಣಿಗೆ ಔಷಧಿಯ ಹನಿ ಹಾಕಿಸಿಕೊಂಡು ಹೋಗಲು ಅವಳಮ್ಮ ಬಂದಿದ್ದರು. ಅಳತೆ ತೆಗೆಯುವ ಸಣ್ಣ ಕೋಣೆಯಲ್ಲಿ ಕೂರಿಸಿ, ಜರಡಿ, ಕಸ, ನಗು, ಎಲ್ಲವನ್ನೂ ಹೇಳಿದೆ. ಗೈಡ್ ಬಾಗಿಲ ಪಕ್ಕ ಮಗುವಿನ ಟೋಪಿ ಹಿಡಿದು ಕುಳಿತಿದ್ದರು.

"ಅಂದ್ರೆ ಮೊದಲೇ ಕಂಡಿತ್ತಾ?"

"ಯಂತ್ರಕ್ಕೆ ಕಂಡಿತ್ತು. ನೋಡ್ಬೇಡ ಅಂತ ನಾನೇ ಅದಕ್ಕೆ ಹೇಳಿಕೊಟ್ಟಿದ್ದೆ."

"ಎಷ್ಟು ದಿನ?"

"ಹದಿನಾರು."

ಮಗು ನನ್ನ ತೊಡೆಯ ಮೇಲಿತ್ತು, ನನ್ನ ಗುರುತಿನ ಚೀಟಿಯನ್ನು ಪರಿಶೀಲಿಸುತ್ತಿತ್ತು. "ಅವಳನ್ನ ಇಲ್ಲಿ ಕೊಡಿ" ಎಂದರು. ಕೊಟ್ಟೆ. ಮಗುವಿನ ಅಂಗಿಯ ಗುಂಡಿ ತಪ್ಪಾಗಿ ಹಾಕಿದರು, ಬಿಚ್ಚಿ ಮತ್ತೆ ಹಾಕಿದರು. ಅವಳನ್ನು ಎತ್ತಿಕೊಂಡು ಹೊರಟುಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೩೧, ಮಂಗಳವಾರ

ಜರಡಿಯನ್ನು ಬಿಚ್ಚಿ ಹಾಕಿದೆ. ಎಂಟು ದಿನದಿಂದ ಬೇರೆಯದನ್ನು ಬರೆಯುತ್ತಿದ್ದೇನೆ. ಪ್ರತಿ ಚಿತ್ರ ತೆಗೆದಾಗ ಕಣ್ಣು ಎತ್ತ ತಿರುಗಿತ್ತೆಂದು ನೋಡಿ, ಅದನ್ನು ಅದರ ಜಾಗದಲ್ಲಿಟ್ಟು ಹೊಲಿದು, ಇಡೀ ಪರದೆಯ ಒಂದು ನಕ್ಷೆ ಮಾಡುತ್ತದೆ. ಈಗ ಮಗು ಎಷ್ಟು ಅತ್ತಿತ್ತ ನೋಡಿದರೆ ಅಷ್ಟು ಒಳ್ಳೆಯದು. ಗುಟುಕಪ್ಪನನ್ನು ಇವತ್ತು ಬೇಕೆಂದೇ ಹತ್ತು ನಿಮಿಷ ನಗಿಸಿದೆ. ಅವನ ಅಪ್ಪ ನನ್ನನ್ನು ಒಂಥರಾ ನೋಡಿದರು.

ವರ್ಷದ ವರದಿಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ. ಪರಿಶೀಲನಾ ಸಮಿತಿ ಏನನ್ನುತ್ತದೋ ಅನ್ನಲಿ.

ಏಪ್ರಿಲ್ ೬, ಸೋಮವಾರ

ಇವತ್ತು ಇನ್ಸ್‌ಪೆಕ್ಟರಮ್ಮನೂ ಅವಳಮ್ಮನೂ ಬರಬೇಕಿತ್ತು. ಬರಲಿಲ್ಲ.

ಏಪ್ರಿಲ್ ೭, ಮಂಗಳವಾರ

ಫೋನ್ ಸ್ವಿಚ್ ಆಫ್. ಡಾಕ್ಟರೂ ಎರಡು ಸಲ ಪ್ರಯತ್ನಿಸಿದರು.

ಏಪ್ರಿಲ್ ೮, ಬುಧವಾರ

ಅಂಚೆ ಕಚೇರಿಗೆ ಫೋನ್ ಮಾಡಿದೆ. ನಾಲ್ಕು ದಿನ ರಜೆ ಹಾಕಿದ್ದಾರೆ, ಎಲ್ಲಿಗೆಂದು ಹೇಳಿಲ್ಲ ಎಂದರು. ಈ ಕಾಯಿಲೆಯಲ್ಲಿ ವಾರಗಳು ಲೆಕ್ಕಕ್ಕೆ ಬರುತ್ತವೆ. ನಂಬಿಕೆ ಹೋಗಿ ಆಸ್ಪತ್ರೆಯನ್ನೇ ಬಿಟ್ಟುಬಿಟ್ಟರೆ? ನನ್ನ ಮನಸ್ಸು ಹಗುರ ಮಾಡಿಕೊಳ್ಳಲು ಹೋಗಿ ಆ ಮಗುವಿನ ಕಣ್ಣು ಕಳೆದೆನೇ? ಅಕ್ಕನ ಎದುರು ಅತ್ತೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ತಲೆ ತೊಳೆದು, ಕೂದಲು ಒಣಗಿಸಿದಳು.

ಏಪ್ರಿಲ್ ೯, ಗುರುವಾರ

ಬಂದರು.

ಹತ್ತೂವರೆಗೆ ಬಾಗಿಲು ತಳ್ಳಿಕೊಂಡು ಒಳಗೆ ಬಂದರು, ಸೊಂಟದಲ್ಲಿ ಇನ್ಸ್‌ಪೆಕ್ಟರಮ್ಮ, ಹಿಂದೆ ಕೈಚೀಲ ಹಿಡಿದ ಒಬ್ಬ ವಯಸ್ಸಾದ ಹೆಂಗಸು. "ಚಾರ್ಜರ್ ಮನೇಲೇ ಬಿಟ್ಟು ಹೋಗಿದ್ದೆ ಮೇಡಂ. ದಾರೀಲಿ ಬಸ್ ಬೇರೆ ಕೆಟ್ಟು ನಿಲ್ತು. ಇವರು ನಮ್ಮಮ್ಮ. ಇವರನ್ನ ಕರ್ಕೊಂಡು ಬರೋಕೆ ಹೋಗಿದ್ದೆ" ಎಂದರು. ನಾನು ಆ ಅಜ್ಜಿಯ ಕೈಚೀಲ ಇಸಿದುಕೊಂಡು ಸ್ಟೂಲು ಎಳೆದು ಕೊಟ್ಟೆ.

ಮೊದಲು ಕಣ್ಣು. ಬೆಳಕಿನ ಅಲೆಗಳ ಕಥೆ ಅರ್ಧಕ್ಕೆ ಬರುವಷ್ಟರಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಲ್ಲ ಕಡೆ ನೋಡಿ ಮುಗಿಸಿದಳು. ನಕ್ಷೆ ತುಂಬಿತು. ಉಬ್ಬು ಇದ್ದ ಜಾಗದಲ್ಲಿ ಚಪ್ಪಟೆ ಕಲೆ. ಬೇರೆಲ್ಲೂ ಏನೂ ಇಲ್ಲ. ಡಾಕ್ಟರು ತಾವೂ ನೋಡಿ, ಚೆನ್ನಾಗಿದೆ, ಇನ್ನು ಮೂರು ವಾರಕ್ಕೆ ಎಂದರು. ಮುಂದೆಯೂ ಬರುತ್ತಲೇ ಇರಬೇಕು, ಅದು ಅವಳಮ್ಮನಿಗೂ ಗೊತ್ತು.

ಡಾಕ್ಟರು ಹೊರಗೆ ಹೋದ ಮೇಲೆ ಅವಳಮ್ಮ ಹೇಳಿದರು: "ಅವತ್ತು ನನಗೆ ಸಿಟ್ಟು ಬಂತು. ಸುಳ್ಳು ಯಾಕೆ ಹೇಳ್ಲಿ. ಮನೆ ಸೇರೋ ತನಕ ಬೈಕೊಂಡೇ ಹೋದೆ ನಿಮ್ಮನ್ನ. ಆಮೇಲೆ ಇವರ ನೆನಪಾಯ್ತು. ನನ್ನ ಕಣ್ಣು ತೆಗೆದಾಗಿನಿಂದ ಒಂದೇ ಮಾತು ಇವರದು, ನಿನ್ನ ಕಣ್ಣು ನಾನು ಕಳೆದೆ ಅಂತ. ಮಗು ಹುಟ್ಟಿದ ಮೇಲಂತೂ ಎತ್ಕೊಳ್ಳೋಕೂ ಹೆದರ್ತಾರೆ. ನಾನು ಹೇಳಿದ್ರೆ ಕೇಳಲ್ಲ. ನೀವು ಹೇಳಿ."

ಅಜ್ಜಿ ಸ್ಟೂಲಿನ ತುದಿಯಲ್ಲಿ ಕುಳಿತಿದ್ದರು. ಹನ್ನೊಂದು ಚಿತ್ರಗಳಲ್ಲಿ ಒಂದನ್ನು ತೆರೆದು, ಉಬ್ಬಿನ ಕೆಳಗೆ ಬೆರಳಿಟ್ಟು ತೋರಿಸಿದೆ. ಕಂಪ್ಯೂಟರಿನ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

"ಇಷ್ಟೇನಾ?"

"ಶುರುವಿನಲ್ಲಿ ಇಷ್ಟೇ ಇರುತ್ತಮ್ಮ. ಇದು ಡಾಕ್ಟರಿಗೂ ಕಾಣಲ್ಲ. ನಿಮಗೆ ಕಾಣೋ ಹಾಗೇ ಇರಲಿಲ್ಲ."

ಅವರು ತಲೆ ಅಲ್ಲಾಡಿಸಿದರು. "ಆಮೇಲೆ ಕಾಣ್ತಿತ್ತು. ನಾನು ನೋಡಿದ್ದೆ. ದೀಪದ ಹತ್ರ ಕರ್ಕೊಂಡು ಹೋದ್ರೆ ಕಣ್ಣೊಳಗೆ ಬೆಳ್ಳಗೆ ಹೊಳೀತಿತ್ತು. ಚೆಂದ ಅಂದ್ಕೊಂಡೆ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ."

ಮಗಳಿಗೆ ಇದು ಗೊತ್ತಿರಲಿಲ್ಲವೇನೋ. ಗೋಡೆಯ ಕಡೆ ತಿರುಗಿ ಮಗುವಿನ ಬೆನ್ನು ತಟ್ಟುತ್ತಾ ನಿಂತರು.

"ನನ್ನ ಕೈಗೂ ಸಿಕ್ಕಿತ್ತಮ್ಮ" ಎಂದೆ. "ನೀವು ಚೆಂದ ಅಂದ್ಕೊಂಡ್ರಿ. ನಾನು ಕಸ ಅಂತ ಬಿಸಾಕಿದ್ದೆ."

ಅವರು ಚಿತ್ರ ಬಿಟ್ಟು ನನ್ನ ಮುಖ ನೋಡಿದರು. ಕಣ್ಣಿನ ಕೆಳಗೆ, ಕೆನ್ನೆಯ ಮೇಲೆ, ಮತ್ತೆ ಕಣ್ಣಿನ ಕೆಳಗೆ.

"ಹಾಗಾದ್ರೆ ನಿಮಗೂ ನಿದ್ದೆ ಬರ್ತಿರಲಿಲ್ಲ."

"ಇಲ್ಲಮ್ಮ."

ಎದ್ದು ಮಗಳ ಬಳಿ ಹೋಗಿ ಎರಡೂ ಕೈ ಚಾಚಿದರು. ಮಗಳು ತಿರುಗಿ ನೋಡಿ ಮಗುವನ್ನು ಕೊಟ್ಟರು. ಇನ್ಸ್‌ಪೆಕ್ಟರಮ್ಮ ಈ ಹೊಸ ಮುಖವನ್ನು ಹುಬ್ಬು ಗಂಟಿಕ್ಕಿ ನೋಡಿದಳು. ಅವರೂ ಅವಳನ್ನು ಹಾಗೆಯೇ ನೋಡಿದರು, ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಎದೆಗೆ ಒತ್ತಿಕೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿ, ಹೆಗಲ ಮೇಲಿನ ಮಗುವಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ, "ಇವತ್ತು ಮಲಕ್ಕೋ ಮಗಳೇ" ಎಂದರು.

"ನೀವೂ ಅಮ್ಮ" ಎಂದೆ.

ಈಗ ಎಂಟೂವರೆ. ದೀಪ ಆರಿಸುತ್ತಿದ್ದೇನೆ.